ಯಾವ ಮರದ ಬೀಜ, ಯಾವ ನೆಲಕ್ಕೆ?

ಮುಂಗಾರು ಹತ್ತಿರ ಬಂತೆಂದರೆ ಶಾಲೆ, ಆಫೀಸು, ಅಪಾರ್ಟ್‌ಮೆಂಟುಗಳಲ್ಲಿ ಬೀಜದುಂಡೆ ಕಟ್ಟುವ ಸಂಭ್ರಮ ಶುರುವಾಗುತ್ತದೆ. ಕೆಮ್ಮಣ್ಣು, ಸಗಣಿ ಗೊಬ್ಬರ, ನಡುವೆ ಒಂದೆರಡು ಬೀಜ. ಉಂಡೆ ಒಣಗಿಸಿ, ಒಂದು ಭಾನುವಾರ ಗುಡ್ಡಕ್ಕೆ ಹೋಗಿ ಎಸೆದು ಬರುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಉಂಡೆಯೊಳಗೆ ಯಾವ ಬೀಜ ಇತ್ತು, ಅದು ಎಲ್ಲಿಂದ ಬಂತು, ಯಾವಾಗ ಆರಿಸಿದ್ದು ಅಂತ ಕೇಳಿ ನೋಡಿ. ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಹೋದ ವರ್ಷದ ಬೇವಿನ ಬೀಜ ಹಾಕಿದ್ದರೆ ಅದು ಬರೀ ಮಣ್ಣಿನುಂಡೆ, ಯಾಕೆಂದರೆ ಮನೆಯಲ್ಲಿ ಸುಮ್ನೆ ಇಟ್ಟ ಬೇವಿನ ಬೀಜದ ಜೀವ ಕೆಲವು ವಾರಗಳದ್ದಷ್ಟೇ.

ಹಾಳಾದ ಕಾಡನ್ನೋ ಕುರುಚಲನ್ನೋ ಹುಲ್ಲುಗಾವಲನ್ನೋ ಮತ್ತೆ ಮೊದಲಿನ ಸ್ಥಿತಿಗೆ ತರುವ ಕೆಲಸ ಬರೀ ಗಿಡ ನೆಡುವುದಕ್ಕಿಂತ ದೊಡ್ಡದು. ಅಲ್ಲಿ ಹಕ್ಕಿ, ಜೇನು, ಚಿಟ್ಟೆ, ಜಿಂಕೆ ಎಲ್ಲವೂ ಮರಳಿ ಬರಬೇಕು. ನೆಟ್ಟ ಮರಗಳು ಮುಂದೆ ತಾವೇ ಮರಿ ಹಾಕಬೇಕು. ಅದೆಲ್ಲ ಆಗುತ್ತದೋ ಇಲ್ಲವೋ ಅನ್ನುವುದು ಬಹುಮಟ್ಟಿಗೆ ಬೀಜ ಆರಿಸುವಾಗಲೇ ತೀರ್ಮಾನವಾಗಿರುತ್ತದೆ. ನೀರು, ಗೊಬ್ಬರ, ಬೇಲಿಗೆ ತಲೆ ಕೆಡಿಸಿಕೊಳ್ಳುವ ನಾವು ಬೀಜದ ವಿಷಯದಲ್ಲಿ ಮಾತ್ರ "ಸಿಕ್ಕಿದ್ದು ಸಾಕು" ಅಂತೀವಿ.

ಮೊದಲು ನೆಲ ನೋಡಿ

"ದೇಶಿ ಗಿಡ ನೆಡ್ತೀವಿ" ಅನ್ನುವ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಯಾವ ದೇಶದ್ದು ಅನ್ನುವುದಕ್ಕಿಂತ ಯಾವ ತಾಲ್ಲೂಕಿನದು ಅನ್ನುವುದೇ ಇಲ್ಲಿ ಮುಖ್ಯ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು. ಎರಡೂ ಊರಿನ ನಡುವೆ ನೇರ ಗೆರೆ ಎಳೆದರೆ 200 ಕಿ.ಮೀ. ಕೂಡ ಇಲ್ಲ. ಆಗುಂಬೆಯ ಧೂಪದ ಮರ ಚಳ್ಳಕೆರೆಗೆ ಗುಲ್‌ಮೊಹರ್‌ನಷ್ಟೇ ಪರಕೀಯ. ಕಮರ, ಕಗ್ಗಲಿ, ಬನ್ನಿಯಂಥ ಬಯಲುಸೀಮೆಯ ಮರಗಳನ್ನು ಆಗುಂಬೆಯಲ್ಲಿ ನೆಟ್ಟರೂ ಅಷ್ಟೇ.

ಗುಲ್‌ಮೊಹರ್ ಮಡಗಾಸ್ಕರಿನದು, ಸುಬಾಬುಲ್ ಮತ್ತು ಗ್ಲಿರಿಸಿಡಿಯಾ ಮೆಕ್ಸಿಕೊ ಕಡೆಯವು ಅಂದರೆ ಯಾರೂ ಅಚ್ಚರಿ ಪಡುವುದಿಲ್ಲ. ನಮ್ಮ ಸಾರಿಗೆ ಹುಳಿ ಕೊಡುವ ಹುಣಸೆಯೂ ಮೂಲದಲ್ಲಿ ಆಫ್ರಿಕಾದ್ದು ಅಂದರೆ ಜಗಳಕ್ಕೇ ಬರುತ್ತಾರೆ! ಹುಣಸೆ ಯಾರಿಗೂ ತೊಂದರೆ ಕೊಟ್ಟಿಲ್ಲ, ಹೊಲದ ಬದುವಿನಲ್ಲಿ ಇರಲಿ. ಕಾಡು ಕಟ್ಟುವ ಪಟ್ಟಿಯಲ್ಲಿ ಅದಕ್ಕೆ ಮೊದಲ ಜಾಗ ಬೇಡ, ಅಷ್ಟೇ.

ಇನ್ನೊಂದು ದೊಡ್ಡ ಎಡವಟ್ಟು, ಮರ ಇಲ್ಲದ ಜಾಗವನ್ನೆಲ್ಲ ಹಾಳುಬಿದ್ದ ಜಾಗ ಅಂದುಕೊಳ್ಳುವುದು. ಸರ್ಕಾರಿ ನಕ್ಷೆಗಳಲ್ಲೂ ಕುರುಚಲು, ಹುಲ್ಲುಬಯಲುಗಳನ್ನು 'ಬಂಜರು' ಅಂತ ಬರೆದಿದ್ದುಂಟು. ಚಿತ್ರದುರ್ಗ ಜಿಲ್ಲೆಯ ಅಮೃತ ಮಹಲ್ ಕಾವಲುಗಳು, ಬೆಂಗಳೂರಿನ ಪಕ್ಕದ ಹೆಸರಘಟ್ಟ, ರಾಣೆಬೆನ್ನೂರಿನ ಕೃಷ್ಣಮೃಗದ ಬಯಲು, ಇವೆಲ್ಲ ಹುಲ್ಲಿನ ನಾಡು. ರಾಣೆಬೆನ್ನೂರಿನಲ್ಲಿ ಆ ಬಯಲಿಗೇ ನೀಲಗಿರಿ ನೆಟ್ಟರು. ಕೃಷ್ಣಮೃಗಕ್ಕೆ, ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಬೇಕಾದದ್ದು ದೂರದವರೆಗೆ ಕಣ್ಣು ಹಾಯುವ ಬಯಲು. ಅಲ್ಲಿ ಸಾವಿರ ಹೊಂಗೆ ಬೀಜ ಎಸೆದರೂ ಅದು ಉಪಕಾರ ಆಗುವುದಿಲ್ಲ.

ಹಾಗಾದರೆ ಯಾವ ನೆಲದಲ್ಲಿ ಏನಿತ್ತು ಅಂತ ತಿಳಿಯುವುದು ಹೇಗೆ? ಹತ್ತಿರದಲ್ಲೇ ಕೆಡದೆ ಉಳಿದ ತುಣುಕು ಹುಡುಕಿ. ಮಲೆನಾಡಿನಲ್ಲಿ ಕಾನು, ಕೊಡಗಿನಲ್ಲಿ ದೇವರಕಾಡು, ಕರಾವಳಿಯಲ್ಲಿ ನಾಗಬನ, ಬಯಲುಸೀಮೆಯಲ್ಲಿ ಗುಡ್ಡದ ಮೇಲಿನ ದೇವಸ್ಥಾನದ ಸುತ್ತಲಿನ ಮರಗಳು. ಅದೇ ಮಣ್ಣು, ಅದೇ ಎತ್ತರ, ಅದೇ ಮಳೆ ಇರುವ ಜಾಗ ಆಗಿರಬೇಕು. ಅಲ್ಲಿ ಯಾವ ಮರ ಎಷ್ಟಿದೆ, ಅದರಡಿಯಲ್ಲಿ ಯಾವ ಪೊದೆ, ಯಾವ ಬಳ್ಳಿ ಅಂತ ಬರೆದುಕೊಳ್ಳಿ. ದನ ಕಾಯುವ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋದರೆ ಅರ್ಧ ದಿನದಲ್ಲಿ ಪಟ್ಟಿ ಸಿದ್ಧ.

ಕೆಲವೊಮ್ಮೆ ಬೀಜವೇ ಬೇಡ. ಮತ್ತಿ, ಹೊನ್ನೆ, ದಿಂಡಲುಗಳ ಬೊಡ್ಡೆ ಮಣ್ಣಿನಲ್ಲಿ ಇನ್ನೂ ಜೀವ ಹಿಡಿದಿರುತ್ತದೆ. ಬೆಂಕಿ ಬೀಳದಂತೆ, ದನ ನುಗ್ಗದಂತೆ ಒಂದು ಮಳೆಗಾಲ ಕಾದು ನೋಡಿ. ಚಿಗುರು ತಾನೇ ಬಂದರೆ, ಬಾರದ ಜಾತಿಗಳಿಗಷ್ಟೇ ಬೀಜ ಹುಡುಕಿದರೆ ಸಾಕು.

ತಾಯಿಮರದ ಲೆಕ್ಕ

ನನ್ನ ಮಟ್ಟಿಗೆ ಇಡೀ ವಿಷಯದ ಹೃದಯ ಇದು. ಜಾತಿ ಸರಿಯಾಗಿ ಆರಿಸಿದವರೂ ಇಲ್ಲಿ ಜಾರುತ್ತಾರೆ.

ರಸ್ತೆ ಬದಿಯಲ್ಲಿ ಒಂಟಿಯಾಗಿ ನಿಂತ ಒಂದು ಹೊನ್ನೆ ಮರ ಇದೆ ಅನ್ನಿ. ಕಾಯಿ ಜೋಲಾಡುತ್ತಿದೆ. ಒಂದು ಚೀಲ ತುಂಬಿಸಿ, 500 ಸಸಿ ಮಾಡಿದಿರಿ. ಈ 500 ಸಸಿಗೂ ತಾಯಿ ಒಂದೇ. ಸುತ್ತ ಬೇರೆ ಹೊನ್ನೆ ಇಲ್ಲದಿದ್ದರೆ ಹಲವಕ್ಕೆ ತಂದೆಯೂ ಅದೇ ಮರ. ಅವು ಬೆಳೆದು ಹೂಬಿಟ್ಟಾಗ ಒಡಹುಟ್ಟಿದವುಗಳ ನಡುವೆಯೇ ಪರಾಗ ಹರಿದಾಡುತ್ತದೆ. ಮುಂದಿನ ತಲೆಮಾರಿನಲ್ಲಿ ಜೊಳ್ಳು ಬೀಜ, ಬಡಕಲು ಸಸಿ ಹೆಚ್ಚಾಗುತ್ತವೆ. ಒಂದು ರೋಗ ಬಂದರೆ ಎಲ್ಲಕ್ಕೂ ಒಟ್ಟಿಗೆ ಬರುತ್ತದೆ. ಇದು ಕಣ್ಣಿಗೆ ಬೀಳುವುದು ಹದಿನೈದು ಇಪ್ಪತ್ತು ವರ್ಷದ ಮೇಲೆ. ಅಷ್ಟರಲ್ಲಿ ನೆಟ್ಟವರು ಬೇರೆ ಊರಲ್ಲಿರುತ್ತಾರೆ.

ಅದಕ್ಕೇ ಒಂದು ಜಾತಿಗೆ ಕನಿಷ್ಠ 30 ತಾಯಿಮರದಿಂದ ಬೀಜ ತೆಗೆಯಬೇಕು ಅನ್ನುತ್ತಾರೆ ಈ ಕೆಲಸ ಬಲ್ಲವರು. 50 ಆದರೆ ಇನ್ನೂ ಒಳ್ಳೆಯದು. ಮರದಿಂದ ಮರಕ್ಕೆ 50ರಿಂದ 100 ಮೀಟರ್ ಅಂತರ ಇರಲಿ, ಪಕ್ಕಪಕ್ಕದ ಮರಗಳು ಅಕ್ಕತಂಗಿಯರಾಗಿರುವ ಸಂಭವ ಜಾಸ್ತಿ. ಎಲ್ಲ ಮರದಿಂದಲೂ ಹೆಚ್ಚುಕಡಿಮೆ ಒಂದೇ ಅಳತೆ ತೆಗೆಯಿರಿ. ಒಂದರಿಂದ ಹತ್ತು ಸೇರು, ಉಳಿದವುಗಳಿಂದ ಒಂದೊಂದು ಹಿಡಿ ತಂದು ಬೆರೆಸಿದರೆ 30ರ ಲೆಕ್ಕ ಹೆಸರಿಗಷ್ಟೇ. ಸಣ್ಣ ಗುಂಪಿಗೆ 30 ಮರ ಸಿಗುವುದು ಕಷ್ಟ, ಒಪ್ಪುತ್ತೇನೆ. ಹಾಗಿದ್ದರೆ ಪಕ್ಕದ ಊರಿನ ಗುಂಪಿನ ಜೊತೆ ಬೀಜ ಕೂಡಿಸಿಕೊಳ್ಳಿ. ಅವರು ಹದಿನೈದು, ನೀವು ಹದಿನೈದು.

ಚೆಂದದ ಮರವನ್ನೇ ಆರಿಸಬೇಕು ಅನ್ನುವ ಹಠ ಬೇಡ. ಟಿಂಬರ್‌ಗೆ ಬೆಳೆಸುವವರಿಗೆ ನೆಟ್ಟಗೆ, ಕೊಂಬೆ ಇಲ್ಲದೆ ಬೆಳೆದ ಮರ ಬೇಕು. ಅರಣ್ಯ ಇಲಾಖೆಗಳ ಹಳೆಯ ಬೀಜೋತ್ಪಾದನಾ ಪ್ರದೇಶಗಳನ್ನು ಆರಿಸಿದ್ದೂ ಅದೇ ಕಣ್ಣಿಂದ. ಕಾಡು ಕಟ್ಟುವವರಿಗೆ ಕುಳ್ಳ ಮರ, ಸೊಟ್ಟ ಮರ, ಬೇಗ ಹೂಬಿಡುವುದು, ತಡವಾಗಿ ಬಿಡುವುದು ಎಲ್ಲವೂ ಬೇಕು. ಕಾಯಿಲೆ ಬಿದ್ದ ಮರ ಬಿಟ್ಟರೆ ಸಾಕು. ಸೊಟ್ಟ ಮರದ ಪೊಟರೆಯಲ್ಲೇ ಅಲ್ವಾ ಗಿಳಿ ಮರಿ ಮಾಡುವುದು?

ಎಷ್ಟು ತೆಗೆಯಬಹುದು? ಬ್ರಿಟನ್ನಿನ ಕ್ಯೂ ಸಸ್ಯೋದ್ಯಾನದ ಮಿಲೇನಿಯಂ ಸೀಡ್ ಬ್ಯಾಂಕ್‌ನಂಥ ಕಡೆ ಪಾಲಿಸುವ ಮಿತಿ ಇದು: ಆ ದಿನ ಮಾಗಿರುವ ಬೀಜದಲ್ಲಿ ನೂರಕ್ಕೆ 20ಕ್ಕಿಂತ ಜಾಸ್ತಿ ಮುಟ್ಟಬಾರದು. ಉಳಿದದ್ದು ಹಕ್ಕಿಗೆ, ಅಳಿಲಿಗೆ, ಮತ್ತೆ ಆ ಕಾಡಿಗೇ. ಅಪರೂಪದ ಮರವಾದರೆ ಇನ್ನೂ ಕಡಿಮೆ. ಉತ್ತರ ಕನ್ನಡದ ರಾಂಪತ್ರೆ ಜಡ್ಡಿಗಳಲ್ಲಿ, ಅಂದರೆ ರಾಂಪತ್ರೆ ಮರ ಬೆಳೆಯುವ ಕಾಡಿನ ಜೌಗುಗಳಲ್ಲಿ, 2000ದಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾದ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಅನ್ನುವ ಮರ ಇದೆ. ಸಿದ್ದಾಪುರದ ಕತ್ತಲೆಕಾನಿನಿಂದಲೇ ಅದಕ್ಕೆ ಆ ಹೆಸರು. ಇಂಥವುಗಳ ಬೀಜಕ್ಕೆ ಉತ್ಸಾಹಿಗಳು ಕೈ ಹಾಕಬಾರದು. ಬಲ್ಲವರು ಸಸಿ ಮಾಡಿ ಜಡ್ಡಿಗೇ ಮರಳಿಸಬೇಕಾದ ಕೆಲಸ ಅದು.

ಕೆಳಗೆ ಬಿದ್ದರೂ ಬದುಕದ ಬೀಜ ಆರಿಸುವುದು ಎಲ್ಲಕ್ಕಿಂತ ನೆಮ್ಮದಿ. ಕರಾವಳಿಯ ಹಳೆಯ ರಸ್ತೆಗಳ ಬದಿ ಸಾಲುಧೂಪ ನೋಡಿರುತ್ತೀರಿ. ಮಳೆ ಶುರುವಾಗುವ ಹೊತ್ತಿಗೆ ಕಾಯಿ ಡಾಂಬರಿನ ಮೇಲೆ ಬಿದ್ದು, ಮೂರು ಹೋಳಾಗಿ ಒಡೆದು, ಬೇರು ಇಣುಕುತ್ತಿರುತ್ತದೆ. ಇನ್ನೊಂದು ಗಂಟೆಯಲ್ಲಿ ಬಸ್ಸು ಅದನ್ನು ಅರೆದುಹಾಕುತ್ತದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾ ತೋಟಗಳ ನಡುವಿನ ಮಳೆಕಾಡಿನ ತುಣುಕುಗಳನ್ನು ಸರಿಪಡಿಸುತ್ತಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಕೂಡ ರಸ್ತೆ ಬದಿಯ ಬೀಜಕ್ಕೇ ಮೊದಲು ಕೈ ಹಾಕುತ್ತಾರೆ.

ಒಣಗಿದರೆ ಬದುಕುವವು, ಒಣಗಿದರೆ ಸಾಯುವವು

ಬೀಜಗಳಲ್ಲಿ ಎರಡು ಜಾತಿ ಅಂದುಕೊಳ್ಳಿ. ಒಂದು ಬಗೆಯವು ಚೆನ್ನಾಗಿ ಒಣಗಿಸಿದಷ್ಟೂ ಹೆಚ್ಚು ದಿನ ಬಾಳುತ್ತವೆ. ಕಕ್ಕೆ, ಕರಿಜಾಲಿ, ಬನ್ನಿ, ಅಂಟುವಾಳ ಈ ಗುಂಪಿನವು. ಬಯಲುಸೀಮೆಯ ಬಹಳಷ್ಟು ಮರ, ಹುಲ್ಲು ಹೀಗೆಯೇ. ಇವಕ್ಕೆ ಒಂದು ಸರಳ ಸೂತ್ರ ಇದೆ: ಬೀಜದ ತೇವ ನೂರಕ್ಕೆ ಒಂದರಷ್ಟು ಇಳಿದಾಗಲೆಲ್ಲ ಅದರ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ. ಇಡುವ ಜಾಗದ ಬಿಸಿ 5 ಡಿಗ್ರಿ ಇಳಿದರೂ ಅಷ್ಟೇ. ನೆರಳಿನಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತಣ್ಣಗಿನ ಮೂಲೆಯಲ್ಲಿಡಿ. ಒಣಗಿದೆಯೋ ಇಲ್ಲವೋ ಗೊತ್ತಾಗಲು ಗಾಜಿನ ಬಾಟಲಿಗೆ ಬೀಜದ ಜೊತೆ ಸ್ವಲ್ಪ ಒಣ ಉಪ್ಪು ಹಾಕಿ ಅಲ್ಲಾಡಿಸಿ. ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ ಉಪ್ಪು ಗಾಜಿಗೆ ಅಂಟಿದ್ದರೆ ಇನ್ನೂ ತೇವ ಇದೆ.

ಇನ್ನೊಂದು ಬಗೆಯವು ಒಣಗಿದರೆ ಸತ್ತೇಹೋಗುತ್ತವೆ. ಧೂಪ, ಹಲಸು, ಹೆಬ್ಬಲಸು, ರಾಂಪತ್ರೆ, ಮಾವು, ನೇರಳೆ. ಮಳೆಕಾಡಿನ ದೊಡ್ಡ ಬೀಜದ ಮರಗಳಲ್ಲಿ ಬಹುಪಾಲು ಹೀಗೆ. ಉದುರಿದ ಕೂಡಲೇ ಒದ್ದೆ ನೆಲ ಸಿಗುವ ಕಾಡಿನಲ್ಲಿ ಬೀಜಕ್ಕೆ ಕಾಯುವ ಅಭ್ಯಾಸವೇ ಇಲ್ಲ. ಇವನ್ನು ಬಿಸಿಲಿಗೆ ಹಾಕಬಾರದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಉಸಿರುಗಟ್ಟಿಸಬಾರದು, ಫ್ರಿಜ್ಜಿನಲ್ಲೂ ಇಡಬಾರದು. ಗೋಣಿಚೀಲದಲ್ಲಿ ಒದ್ದೆ ತೆಂಗಿನ ನಾರಿನ ಪುಡಿಯ ಜೊತೆ ಇಟ್ಟು, ವಾರದೊಳಗೆ ಪಾತಿಗೆ ಇಳಿಸಬೇಕು. ಹಾಗಾಗಿ ಮಳೆಕಾಡಿನ ಬೀಜ ಆರಿಸುವ ಮೊದಲೇ ನರ್ಸರಿ ಸಿದ್ಧ ಇರಬೇಕು. ಆನ್‌ಲೈನಿನಲ್ಲಿ "ಹೆಬ್ಬಲಸಿನ ಒಣ ಬೀಜ, 100 ಗ್ರಾಂ" ಅಂತ ಕಂಡರೆ ದುಡ್ಡು ಉಳಿಸಿಕೊಳ್ಳಿ.

ಬೇವಿನಂಥವು ಈ ಎರಡರ ನಡುವೆ ಎಲ್ಲೋ ನಿಲ್ಲುತ್ತವೆ. ಒಂದಿಷ್ಟು ಒಣಗಬಹುದು, ಆದರೆ ತುಂಬಾ ದಿನ ಇಡಲಾಗುವುದಿಲ್ಲ.

ಸಿಗುವ ಕಾಲವೂ ಒಂದೊಂದಕ್ಕೆ ಒಂದೊಂದು. ಹೊನ್ನೆ, ತಾರೆ, ಅಳಲೆ ಚಳಿಗಾಲದಿಂದ ಬೇಸಿಗೆಯ ಮೊದಲವರೆಗೆ. ಮತ್ತಿ, ಹೊಂಗೆ ಬೇಸಿಗೆಯಲ್ಲಿ. ಮುತ್ತುಗ ಮಳೆಗೆ ಸ್ವಲ್ಪ ಮುಂಚೆ. ನೇರಳೆ, ಧೂಪ ಮಳೆಯ ಜೊತೆಗೆ. ಕಮರದ ಮರ ಪ್ರತಿ ವರ್ಷ ತುಂಬಾ ಕಾಯಿ ಬಿಡುವುದಿಲ್ಲ, ಕೆಲವು ವರ್ಷಕ್ಕೊಮ್ಮೆ ಒಟ್ಟಿಗೆ ಬಿಡುತ್ತದೆ. ಬಿದಿರಂತೂ ನಾಲ್ಕೈದು ದಶಕಕ್ಕೊಮ್ಮೆ ಹೂಬಿಟ್ಟು, ಬಿದಿರಕ್ಕಿ ಸುರಿದು, ಸಾಯುತ್ತದೆ. ಜೂನ್‌ನಲ್ಲಿ ನೆಡಬೇಕು ಅಂತ ಮೇ ತಿಂಗಳಲ್ಲಿ ಬೀಜ ಹುಡುಕಲು ಹೊರಟರೆ ಸಿಗುವುದು ಹೊಂಗೆಯೇ. ಎಲ್ಲ ಬೀಜದುಂಡೆಯಲ್ಲೂ ಹೊಂಗೆ ಇರುವುದಕ್ಕೆ ಇದೂ ಒಂದು ಕಾರಣ. ಕನಿಷ್ಠ ಒಂದು ವರ್ಷ ಮೊದಲೇ ಓಡಾಟ ಶುರುಮಾಡಬೇಕು.

ಎಲ್ಲಿಂದ ತರುವುದು

ಕೈಯಾರೆ ಆರಿಸಿದ್ದಕ್ಕೆ ಸಮ ಯಾವುದೂ ಇಲ್ಲ. ಆದರೆ ಎಲ್ಲಿ ಬೇಕಾದಲ್ಲಿ ನುಗ್ಗುವಂತಿಲ್ಲ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಬೀಜ ತರಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆ ಇದೆ. ಮೀಸಲು ಅರಣ್ಯಕ್ಕೂ ಇಲಾಖೆಯ ಅನುಮತಿ ಬೇಕು. ದೇವರಕಾಡಿನಲ್ಲಿ ಊರಿನ ಸಮಿತಿಯವರನ್ನು ಕೇಳಿ. ಕೆಲವು ಕಡೆ ಒಂದು ಎಲೆಯನ್ನೂ ಹೊರಗೆ ತರಬಾರದು ಅನ್ನುವ ಕಟ್ಟು ಇರುತ್ತದೆ, ಅದನ್ನು ಮೀರಬೇಡಿ. ಹೊಲದ ಬದು, ಕೆರೆ ಏರಿ, ಹಳೆಯ ಸಾಲುಮರ, ಕಾಫಿ ತೋಟದ ನೆರಳಿನ ಮರ, ಇಷ್ಟರಲ್ಲೇ ಎಷ್ಟೋ ಸಿಗುತ್ತದೆ.

ಬೀಜದ ವಿಷಯ ಗೊತ್ತಿರುವವರು ಕಾಡಂಚಿನ ಜನ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ ಹಕ್ಕು ಅವರದ್ದು. ಸೋಲಿಗರು ಲ್ಯಾಂಪ್ಸ್ ಅನ್ನುವ ಬುಡಕಟ್ಟು ಜನರ ಸಹಕಾರ ಸಂಘಗಳ ಮೂಲಕ ನೆಲ್ಲಿ, ಸೀಗೆ, ಅಂಟುವಾಳ ಮಾರುತ್ತ ಬಂದಿದ್ದಾರೆ. ಅವರಿಂದ ಕೊಳ್ಳುವುದಾದರೆ ಬಿತ್ತನೆಗೆ ಬೇಕು ಅಂತ ಮೊದಲೇ ಹೇಳಿ, ಅದಕ್ಕೆ ತಕ್ಕ ಬೆಲೆ ಕೊಡಿ. ಉಪ್ಪಿನಕಾಯಿಗೆ ಕಿತ್ತ ಎಳೆ ನೆಲ್ಲಿಯ ಬೀಜ ಮೊಳೆಯುವುದಿಲ್ಲ. ಗ್ರಂಧಿಗೆ ಅಂಗಡಿಯ ಅಳಲೆ, ತಾರೆಯನ್ನೂ ನಂಬಬೇಡಿ. ಯಾವ ಕಾಡಿನದು, ಯಾವ ವರ್ಷದ್ದು ಅಂತ ಅಂಗಡಿಯವರಿಗೇ ಗೊತ್ತಿರುವುದಿಲ್ಲ.

ಹಳೆಯ ಅರಣ್ಯ ಸಿಬ್ಬಂದಿಗೆ ಗೊತ್ತಿದ್ದ ಒಂದು ಉಪಾಯ ನನಗೆ ತುಂಬಾ ಇಷ್ಟ. ಕರಿಜಾಲಿ ಬೀಜವನ್ನು ಅವರು ಆಡಿನ ಹಟ್ಟಿಯಿಂದ ಗುಡಿಸಿ ತರುತ್ತಿದ್ದರು! ಆಡು ಕಾಯಿ ತಿಂದು, ಮೆಲುಕು ಹಾಕುವಾಗ ಬೀಜ ಉಗುಳುತ್ತದೆ. ಗಟ್ಟಿ ಸಿಪ್ಪೆ ಅಷ್ಟರಲ್ಲಿ ಮೆತ್ತಗಾಗಿರುತ್ತದೆ, ಬೇಗ ಮೊಳೆಯುತ್ತದೆ. ಜಿಂಕೆ, ಕಡವೆಗಳೂ ನೆಲ್ಲಿಕಾಯಿ ತಿಂದು ಬೀಜವನ್ನು ಹೀಗೆಯೇ ಉಗುಳುತ್ತವೆ. ಆದರೆ ಬಳ್ಳಾರಿ ಜಾಲಿ ಊರೂರಿಗೆ ಹಬ್ಬಿದ್ದೂ ಇದೇ ಆಡು, ದನಗಳ ಹೊಟ್ಟೆಯಿಂದ. ಹಟ್ಟಿಯಿಂದ ತಂದ ಬೀಜವನ್ನು ಒಮ್ಮೆ ಆರಿಸಿ ನೋಡಿಯೇ ಬಿತ್ತಬೇಕು.

ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳು, ಅರಣ್ಯ ಇಲಾಖೆಯ ಸಂಶೋಧನಾ ವಿಭಾಗದ ನರ್ಸರಿಗಳು ವಿಚಾರಿಸಲು ಒಳ್ಳೆಯ ಜಾಗ. ಯಾರ ಬಳಿ ಕೊಂಡರೂ ಕೇಳಬೇಕಾದ್ದು ಇಷ್ಟು: ಯಾವ ಊರಿನ ಸುತ್ತ ಆರಿಸಿದ್ದು, ಎಷ್ಟು ಮರದಿಂದ, ಯಾವ ತಿಂಗಳು, ಮೊಳಕೆ ಎಷ್ಟು. "ಮರ ಎಷ್ಟು ಅಂತ ಲೆಕ್ಕ ಇಟ್ಟಿಲ್ಲ ಸಾರ್" ಅಂದರೆ ಒಂದೇ ಮರ ಅಂತ ತಿಳಿದುಕೊಳ್ಳುವುದೇ ಕ್ಷೇಮ.

ಆಲ, ಅತ್ತಿ, ಬಸರಿ, ಅರಳಿಗಳ ಕಥೆ ಬೇರೆ. ಹಣ್ಣು ಬಿಡುವ ಕಾಲದಲ್ಲಿ ಇಡೀ ಕಾಡಿಗೆ ಊಟ ಹಾಕುವ ಮರಗಳಿವು, ಪಟ್ಟಿಯಲ್ಲಿ ಇರಲೇಬೇಕು. ಕೊಂಬೆ ಊರಿದರೂ ಬರುತ್ತವೆ. ಅದೇ ಸುಲಭ ಅಂತ ಒಂದೇ ಆಲದ ಮರದಿಂದ ಐವತ್ತು ಕೊಂಬೆ ಕಡಿದರೆ ಐವತ್ತು ಕಡೆಯೂ ನಿಲ್ಲುವುದು ಅದೇ ಒಂದು ಮರ.

ಚಾಕು, ನೇಲ್ ಕಟರ್, ಒಂದು ಲೋಟ ನೀರು

ತಂದ ಬೀಜದಲ್ಲಿ ಜೀವ ಇದೆಯೇ? ನೀರಿನಲ್ಲಿ ಹಾಕಿ ತೇಲಿದ್ದನ್ನು ಎಸೆಯುವ ಪದ್ಧತಿ ಇದೆ. ಕೆಲವಕ್ಕೆ ಸರಿ, ರೆಕ್ಕೆ ಇರುವ ಹೊನ್ನೆ, ಮತ್ತಿಯಂಥವಕ್ಕೆ ಮೋಸ. ಎಲ್ಲಕ್ಕೂ ಆಗುವುದು ಕತ್ತರಿಸಿ ನೋಡುವ ಪರೀಕ್ಷೆ. ಕಣ್ಣುಮುಚ್ಚಿ 50 ಬೀಜ ತೆಗೆದು ಸೀಳಿ. ಒಳಗೆ ತುಂಬಿಕೊಂಡ, ಗಟ್ಟಿಯಾದ, ತಾಜಾ ಬಣ್ಣದ ತಿರುಳಿದ್ದರೆ ಒಳ್ಳೆಯದು. ಕಂದಿದ್ದರೆ, ಪುಡಿಯಾಗಿದ್ದರೆ, ಹುಳದ ತೂತಿದ್ದರೆ ಲೆಕ್ಕದಿಂದ ಬಿಡಿ. ದಿಂಡಲಿನ ಬೀಜ ಸೀಳಿದರೆ ಬಹುಪಾಲು ಜೊಳ್ಳು. ಅದು ಆ ಮರದ ಸ್ವಭಾವ, ನಿಮ್ಮ ತಪ್ಪಲ್ಲ. ಹತ್ತು ಪಟ್ಟು ಜಾಸ್ತಿ ಬಿತ್ತಬೇಕಾಗುತ್ತದೆ, ಇಲ್ಲವೇ ಬೊಡ್ಡೆ ಚಿಗುರನ್ನೇ ಕಾಯಬೇಕು.

ಕಕ್ಕೆಯ ಕೋಡು ಒಂದನ್ನು ಒಡೆದು ನೋಡಿ. ಮೊಳದುದ್ದದ ಕರಿ ಕೋಲಿನಂಥ ಕೋಡು. ಒಳಗೆ ಅಡ್ಡಡ್ಡ ತೆಳು ಗೋಡೆಗಳು, ಗೋಡೆಗೆ ಮೆತ್ತಿದ ಕಪ್ಪು ಅಂಟು ತಿರುಳು, ಕೋಣೆಗೆ ಒಂದೊಂದು ಹೊಳೆಯುವ ಕಂದು ಬೀಜ. ತೊಳೆದು ನೇರ ನೀರಿಗೆ ಹಾಕಿದರೆ ಮರುದಿನವೂ ಕಲ್ಲಿನಂತೆಯೇ ಇರುತ್ತದೆ. ಸಿಪ್ಪೆಯೊಳಗೆ ನೀರೇ ಇಳಿಯುವುದಿಲ್ಲ. ನೇಲ್ ಕಟರ್‌ನಿಂದ, ಮೊಳಕೆ ಬರುವ ಮೂತಿ ಬಿಟ್ಟು ಇನ್ನೊಂದು ಬದಿಯ ಸಿಪ್ಪೆ ಚೂರು ಚಿವುಟಿ ನೀರಿಗೆ ಹಾಕಿ. ಬೆಳಗ್ಗೆ ಎದ್ದು ನೋಡಿದರೆ ಬೀಜ ಉಬ್ಬಿ ಮೆತ್ತಗಾಗಿರುತ್ತದೆ. ನೂರಾರು ಬೀಜ ಇದ್ದರೆ ಕುದಿದ ನೀರನ್ನು ಒಲೆಯಿಂದ ಇಳಿಸಿ ಅದರಲ್ಲಿ ಬೀಜ ಹಾಕಿ ರಾತ್ರಿಯಿಡೀ ಬಿಡುವುದು ರೂಢಿ. ತೇಗಕ್ಕೆ ಒಂದು ದಿನ ನೆನೆಸಿ ಒಂದು ದಿನ ಒಣಗಿಸುವುದನ್ನು ಹಲವು ಸಲ ಮಾಡುತ್ತಾರೆ. ಶ್ರೀಗಂಧ ಮೊಳೆತ ಮೇಲೂ ಒಂಟಿಯಾಗಿ ಬೆಳೆಯುವುದಿಲ್ಲ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಅಂಟಿಸಿ ಆಹಾರ ಎಳೆಯುತ್ತದೆ. ಅದಕ್ಕೇ ನರ್ಸರಿ ಚೀಲದಲ್ಲಿ ಜೊತೆಗೊಂದು ತೊಗರಿ ಗಿಡ.

ಎಷ್ಟು ಬೀಜ ಬೇಕು ಅನ್ನುವುದು ಸುಲಭದ ಗಣಿತ. 500 ಸಸಿ ಬೇಕು. ಪರೀಕ್ಷೆಯಲ್ಲಿ ನೂರಕ್ಕೆ 40 ಮೊಳೆತಿವೆ. ನರ್ಸರಿಯಲ್ಲಿ ಐದರಲ್ಲಿ ಒಂದು ಸಾಯುತ್ತದೆ ಅನ್ನಿ. ಆಗ ಬೇಕಾದ್ದು ಸುಮಾರು 1,560 ಬೀಜ. ನೇರವಾಗಿ ಗುಡ್ಡದಲ್ಲಿ ಬಿತ್ತುವುದಾದರೆ ಇದರ ಎಷ್ಟೋ ಪಟ್ಟು, ಯಾಕೆಂದರೆ ಇಲಿ, ಇರುವೆ, ಮುಳ್ಳುಹಂದಿಗಳಿಗೆ ಅದು ಹಬ್ಬ. ದೊಡ್ಡ ಬೀಜಗಳನ್ನು ಮಳೆ ಹಿಡಿದ ಮೇಲೆ ಮಣ್ಣಿನೊಳಗೆ ಹುದುಗಿಸಿದರೆ ಉಳಿಯುವ ಸಾಧ್ಯತೆ ಜಾಸ್ತಿ. ಎಸೆದು ಹೋಗುವುದು ಕೊನೆಯ ದಾರಿ.

ಹುಲ್ಲಿನ ಬೀಜ ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚಾಗಿ ಮೇವಿನ ತಳಿಗಳದ್ದು. ಬಯಲು ಸರಿಪಡಿಸಲು ಪಕ್ಕದ ಒಳ್ಳೆಯ ಕಾವಲಿನಿಂದ ಮಾಗಿದ ಹುಲ್ಲು ಕೊಯ್ದು, ತೆನೆ ಸಮೇತ ಹರಡುವುದೇ ಮೇಲು. ನಡೆಯುವಾಗ ಪ್ಯಾಂಟಿಗೆ ಚುಚ್ಚಿಕೊಳ್ಳುವ ಬಾಣದಂಥ ಬೀಜ ಗೊತ್ತಲ್ಲ, ಹೆಟೆರೊಪೊಗಾನ್ ಹುಲ್ಲಿನದು, ಅದರ ಉದ್ದನೆಯ ಬಾಲ ತೇವಕ್ಕೆ ಬಿಚ್ಚಿಕೊಂಡು, ಒಣಗಿದಾಗ ಮತ್ತೆ ತಿರುಚಿಕೊಳ್ಳುತ್ತ ಬೀಜವನ್ನು ತಾನೇ ಮಣ್ಣಿಗೆ ಕೊರೆಯುತ್ತದೆ. ಅದಕ್ಕೆ ನಮ್ಮ ಉಂಡೆ ಬೇಡ.

ಬಿಸಿ ಏರುತ್ತಿರುವಾಗ ಸ್ಥಳೀಯ ಬೀಜವೇ ಸರಿಯೇ?

ಇದು ಈಗ ಜಗತ್ತಿನಾದ್ಯಂತ ನಡೆಯುತ್ತಿರುವ ಚರ್ಚೆ. ದಾಂಡೇಲಿಯಲ್ಲೂ ಹೊನ್ನೆ ಇದೆ, ಬಂಡೀಪುರದಲ್ಲೂ ಇದೆ. ಜಾತಿ ಒಂದೇ, ಕಂಡ ಮಳೆ ಬೇರೆ. ಹತ್ತಿರದ ಬೀಜ ಆ ಮಣ್ಣಿಗೆ, ಆ ಹುಳಹುಪ್ಪಟೆಗೆ ಒಗ್ಗಿಕೊಂಡಿರುತ್ತದೆ ಅನ್ನುವುದು ಹಳೆಯ ವಾದ. ಮುಂದಿನ ಐವತ್ತು ವರ್ಷದಲ್ಲಿ ಆ ಊರಿನ ಹವೆಯೇ ಬದಲಾಗುವುದಾದರೆ, ಈಗಲೇ ಇನ್ನಷ್ಟು ಒಣ, ಇನ್ನಷ್ಟು ಬಿಸಿ ಇರುವ ಕಡೆಯ ಬೀಜವನ್ನೂ ಬೆರೆಸಬೇಕು ಅನ್ನುವುದು ಹೊಸ ವಾದ. ಆಸ್ಟ್ರೇಲಿಯಾದಲ್ಲಿ ಹೀಗೆ ಬೆರೆಸಿ ನೆಡುವ ಪ್ರಯೋಗ ನಡೆಯುತ್ತಿದೆ.

ನನಗೆ ಸರಿ ಕಾಣುವುದು ನಡುವಿನ ದಾರಿ. ಹೆಚ್ಚಿನ ಪಾಲು ಹತ್ತಿರದ್ದೇ ಇರಲಿ. ಉಳಿದ ಸ್ವಲ್ಪ ಭಾಗವನ್ನು ಅದೇ ಜಾತಿ ಬೆಳೆಯುವ ಒಣ ಅಂಚಿನಿಂದ ತನ್ನಿ, ಇನ್ನೊಂದು ರಾಜ್ಯದ ತುದಿಯಿಂದ ಬೇಡ. ಎರಡನ್ನೂ ಒಂದೇ ಪಾತಿಗೆ ಸುರಿಯದೆ ಬೇರೆ ಬೇರೆ ಬೆಳೆಸಿ, ನೆಡುವಾಗ ಸಾಲಿಗೆ ಗುರುತು ಹಾಕಿ. ಚೀಟಿಯಲ್ಲಿ ಊರು, ತಿಂಗಳು, ತಾಯಿಮರಗಳ ಸಂಖ್ಯೆ ಬರೆದು, ಅದೇ ವಿವರ ಒಂದು ನೋಟ್‌ಬುಕ್ಕಿನಲ್ಲೂ ಇರಲಿ. ಬಿಸಿಲಿಗೆ ಚೀಟಿ ಎರಡೇ ವರ್ಷದಲ್ಲಿ ಬಿಳುಚಿಹೋಗುತ್ತದೆ. ಯಾವ ಸಾಲು ಬರ ತಡೆಯಿತು, ಯಾವುದು ಸೊರಗಿತು ಅಂತ ಹತ್ತು ವರ್ಷದ ಮೇಲೆ ನೋಡಲು ಬರುವವರಿಗೆ ಬೇಕಾಗುವುದು ಆ ನೋಟ್‌ಬುಕ್ಕೇ.